ಬಿಸಿನೀರನ್ನು ಮರುದಿನ ಬೆಳಿಗ್ಗೆಗೆ ಇಡಿ: ಗಡಿಯ ಕನ್ನಡ ಚಾರಣ ತಂಡಗಳಿಗೆ ಒಂದು ಬಹಿರಂಗ ಪತ್ರ

ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ಕಡೆಯ ಚಾರಣದ ಅಣ್ಣ-ತಮ್ಮಂದಿರಿಗೆ, ಅಕ್ಕ-ತಂಗಿಯರಿಗೆ, ವಿಶೇಷವಾಗಿ ತಂಡ ಕಟ್ಟಿ, ದುಡ್ಡು ಕೂಡಿಸಿ, ಗಾಡಿ ಗೊತ್ತುಮಾಡಿ ಎಲ್ಲರನ್ನೂ ಕರೆದೊಯ್ಯುವ ಉತ್ಸಾಹಿಗಳಿಗೆ,

ನಮಸ್ಕಾರ.

ಎಳ್ಳಮಾವಾಸ್ಯೆಯ ಚರಗ ಚೆಲ್ಲಿ ಮುಗಿಯುವುದೇ ತಡ, ನಮ್ಮ ಮೊಬೈಲುಗಳಲ್ಲಿ ಒಂದೇ ಬಗೆಯ ಪ್ರಕಟಣೆಗಳು ಓಡಾಡತೊಡಗುತ್ತವೆ. ಬೆಳಗಿನ ಜಾವ ಹೊರಡುವುದು, ಅಣುಸ್ಕುರಾ ಘಟ್ಟ ಇಳಿಯುವುದು, ಸಂಜೆ ಕೊಂಕಣದ ರಾಜಾಪುರದ ಹತ್ತಿರದ ಬಿಸಿನೀರಿನ ಕುಂಡದಲ್ಲಿ ಈಜು, ರಾತ್ರಿಯೇ ಹಿಂದಿರುಗಿ ಮನೆ. ಕೆಳಗೆ ಹಬೆಯಾಡುವ ನೀರಿನ ಒಂದು ಚಿತ್ರ. ಹಿಂದೆ ಹಿಮ ಹೊದ್ದ ಶಿಖರಗಳು ಕಾಣುವುದರಿಂದ ಅದು ಕೊಂಕಣದ್ದಲ್ಲ ಎಂದು ಯಾರಿಗಾದರೂ ತಿಳಿಯುತ್ತದೆ. ಹೋಗಲಿ, ಚಿತ್ರದ ಬಗ್ಗೆ ನನ್ನ ತಕರಾರಿಲ್ಲ. ನನ್ನ ತಕರಾರು ಇರುವುದು ವೇಳಾಪಟ್ಟಿಯ ಬಗ್ಗೆ.

ನಾನು ಕೇಳುವುದು ಇಷ್ಟೇ: ಘಟ್ಟ ಇಳಿದ ದಿನವೇ ಕುಂಡಕ್ಕೆ ಇಳಿಯಬೇಡಿ. ರಾತ್ರಿ ರಾಜಾಪುರದಲ್ಲಿ ಉಳಿದು, ಉಂಡು ಮಲಗಿ, ಬೆಳಿಗ್ಗೆ ಎದ್ದು ಹೋಗಿ. ಒಂದು ದಿನದ ಕಾರ್ಯಕ್ರಮವನ್ನು ಒಂದೂವರೆ ದಿನ ಮಾಡಿ. ಇಷ್ಟು ಚಿಕ್ಕ ಮಾತಿಗೆ ಬಹಿರಂಗ ಪತ್ರ ಬೇಕೇ ಎಂದು ಕೇಳುವವರು ಮುಂದೆ ಓದಿ.

ಮೊದಲು ಘಟ್ಟದ ಮಾತು. ಕೊಲ್ಹಾಪುರದ ಕಡೆಯಿಂದ ಕೊಂಕಣಕ್ಕೆ ಇಳಿಯುವ ಹಳೆಯ ದಾರಿಗಳಲ್ಲಿ ಅಣುಸ್ಕುರಾ ಒಂದು. ಈಗ ಡಾಂಬರು ರಸ್ತೆಯಿದೆ, ಗಾಡಿಗಳು ತಿರುವು ತಿರುವು ಸುತ್ತಿ ಇಳಿದು ಕೆಳಗಿನ ಪಾಚಲ್ ಊರನ್ನು ಮುಟ್ಟುತ್ತವೆ. ಆದರೆ ಆ ರಸ್ತೆಗಿಂತ ಎಷ್ಟೋ ಹಿಂದಿನ ಕಾಲುದಾರಿ ಇನ್ನೂ ಉಳಿದಿದೆ, ಕಲ್ಲು ಹಾಸಿದ ದಾರಿ. ರಾಜಾಪುರ ಒಂದು ಕಾಲಕ್ಕೆ ಬಂದರು ಪೇಟೆ. ಅರ್ಜುನಾ ನದಿಯ ಖಾರಿಯಲ್ಲಿ, ಅಂದರೆ ಅಳಿವೆಯಲ್ಲಿ, ಹಡಗಿನ ಸರಕು ಬಂದಿಳಿಯುತ್ತಿತ್ತು, ಎತ್ತಿನ ಬೆನ್ನೇರಿ ಘಟ್ಟ ಹತ್ತುತ್ತಿತ್ತು. ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿ 1649ರಲ್ಲಿ ಅಲ್ಲಿ ತನ್ನ ಕೋಠಿಯನ್ನು, ಅಂದರೆ ವ್ಯಾಪಾರದ ಮಳಿಗೆಯನ್ನು, ತೆರೆಯಿತು. 1660ರಲ್ಲಿ ಬಿಜಾಪುರದ ಸೇನಾಪತಿ ಸಿದ್ದಿ ಜೌಹರ್, ಶಿವಾಜಿ ಇದ್ದ ಪನ್ಹಾಳಗಡಕ್ಕೆ ಮುತ್ತಿಗೆ ಹಾಕಿ ಕುಳಿತಾಗ ಆ ಕೋಠಿಯ ಹೆನ್ರಿ ರೆವಿಂಗ್ಟನ್ ಎಂಬವನು ಸಿದ್ದಿಯ ನೆರವಿಗೆ ಮದ್ದುಗುಂಡು ಹೊತ್ತು ಘಟ್ಟದ ಮೇಲೆ ಬಂದ. ಮರುವರ್ಷ ಶಿವಾಜಿ ರಾಜಾಪುರಕ್ಕೆ ನುಗ್ಗಿ ಕೋಠಿಯನ್ನು ಸೂರೆ ಮಾಡಿ ಲೆಕ್ಕ ಚುಕ್ತಾ ಮಾಡಿದರು. ವ್ಯಾಪಾರಕ್ಕೆ ಬಂದವರು ಬೇರೆಯವರ ಜಗಳದಲ್ಲಿ ತಲೆ ಹಾಕಿದರೆ ಹೀಗಾಗುತ್ತದೆ.

ಈ ದಾರಿಯಲ್ಲಿ ನಿಧಾನವಾಗಿ ಇಳಿದವರಿಗೆ ಕಾಣುವುದು ಬಹಳ. ಹಾಸುಗಲ್ಲುಗಳ ಅಂಚು ಸವೆದು ನುಣುಪಾಗಿದೆ. ಮಳೆಗಾಲದ ನೀರು ಅಡ್ಡ ಹಾಯುವ ಕಡೆ ಕಲ್ಲನ್ನು ತುಸು ಓರೆಯಾಗಿ ಕೂರಿಸಿದ್ದಾರೆ, ನೀರು ದಾರಿಯನ್ನು ಕೊಚ್ಚದೆ ಪಕ್ಕಕ್ಕೆ ಜಾರಿ ಹೋಗಲಿ ಎಂದು. ಇಂದಿನ ಗುತ್ತಿಗೆದಾರರನ್ನು ಕರೆತಂದು ತೋರಿಸಬೇಕಾದ ಕೆಲಸ ಅದು. ಡಿಸೆಂಬರ್-ಜನವರಿಯಲ್ಲಿ ಮೇಲಿನ ಬಯಲಲ್ಲಿ ಹುಲ್ಲು ಒಣಗಿ ಬಂಗಾರದ ಬಣ್ಣಕ್ಕೆ ತಿರುಗಿರುತ್ತದೆ, ಕಾರ್ವಿ ಎಂಬ ಕಾಡುಗಿಡದ ಒಣ ಕಡ್ಡಿಗಳು ಗಾಳಿಗೆ ಕಟಕಟ ಎನ್ನುತ್ತವೆ. ನಸುಕಿನಲ್ಲಿ ಮೇಲೆ ನಿಂತರೆ ಹಲ್ಲು ಕಡಿಯುವ ಚಳಿ. ಮಧ್ಯಾಹ್ನಕ್ಕೆ ಬುಡ ಮುಟ್ಟುವಾಗ ಅಂಗಿ ಬೆವರಿಗೆ ಮೈಗಂಟಿರುತ್ತದೆ, ಮಾವಿನ ಮರಗಳು ಹೂ ಬಿಟ್ಟಿರುತ್ತವೆ. ಅರ್ಧ ದಿನದಲ್ಲಿ ಎರಡು ಋತು ದಾಟುವುದೆಂದರೆ ಇದೇ. ಸಂಜೆಯೊಳಗೆ ಕುಂಡ ಮುಟ್ಟಬೇಕೆಂಬ ತಂಡಗಳಿಗೆ ಇದಾವುದಕ್ಕೂ ಬಿಡುವಿಲ್ಲ. ಅವರು ಗಡಿಯಾರ ನೋಡುತ್ತಾ ಇಳಿಯುತ್ತಾರೆ, ಮುಂದಿನವನ ಹಿಮ್ಮಡಿ ನೋಡುತ್ತಾ ಇಳಿಯುತ್ತಾರೆ. ಇಳಿಜಾರಿನ ಒಣ ಹುಲ್ಲು ಎಣ್ಣೆ ಸುರಿದ ನೆಲದಂತೆ ಜಾರುತ್ತದೆ. ಅಲ್ಲಿ ಅವಸರ ಮಾಡಿದವರ ಕಣಕಾಲು ಉಳುಕಿದ್ದನ್ನು ಪ್ರತಿ ಚಳಿಗಾಲವೂ ನೋಡುತ್ತೇನೆ. ಸುತ್ತಲಿನ ಕಾಡಿನಲ್ಲಿ ಕಾಡುಕೋಣಗಳಿವೆ ಎಂಬುದನ್ನೂ ಮರೆಯಬಾರದು. ಒಂಟಿ ಕೋಣ ದಾರಿಗಡ್ಡ ನಿಂತರೆ ಅದು ಸರಿಯುವವರೆಗೆ ನಾವು ಕಾಯಬೇಕು. ಅದಕ್ಕೆ ನಮ್ಮ ವೇಳಾಪಟ್ಟಿ ಗೊತ್ತಿಲ್ಲ.

ಇನ್ನು ಬಿಸಿನೀರು. ರಾಜಾಪುರದ ಪಕ್ಕದ ಉನ್ಹಾಳೆಯ ಕುಂಡ ಒಂಟಿಯಲ್ಲ. ಕೊಂಕಣದ ಉದ್ದಕ್ಕೂ, ಸಮುದ್ರಕ್ಕೂ ಘಟ್ಟಕ್ಕೂ ನಡುವೆ, ಇಂಥ ಬುಗ್ಗೆಗಳ ಒಂದು ಸಾಲೇ ಇದೆ. ಸಂಗಮೇಶ್ವರದ ಕಡೆಗೆ ತುರಳ, ಅರವಲಿ, ಅದಕ್ಕೂ ಉತ್ತರಕ್ಕೆ ಉನ್ಹವರೆ, ಠಾಣೆಯ ಕಡೆಗೆ ವಜ್ರೇಶ್ವರಿ, ಗಣೇಶಪುರಿ. ಉನ್ಹಾಳೆ ಈ ಸಾಲಿನ ದಕ್ಷಿಣದ ತುದಿ ಎನ್ನಬಹುದು. ನಮ್ಮ ತಂಡಗಳಲ್ಲಿ ಯಾರಾದರೊಬ್ಬರು "ಕೆಳಗೆ ಜ್ವಾಲಾಮುಖಿ ಇದೆ" ಎಂದು ಹೇಳಿಯೇ ಹೇಳುತ್ತಾರೆ. ಇಲ್ಲ. ಸಹ್ಯಾದ್ರಿಯ ಕರಿಕಲ್ಲು ಲಾವಾದಿಂದಲೇ ಆದದ್ದು ನಿಜ, ಆದರೆ ಅದು ಹರಿದು ಸುಮಾರು 6.6 ಕೋಟಿ ವರ್ಷಗಳಾದವು. ಆ ಬಿಸಿ ಎಂದೋ ಆರಿಹೋಗಿದೆ. ಈಗಿನ ಬಿಸಿಯ ಗುಟ್ಟು ಇದಕ್ಕಿಂತ ಸರಳ. ಘಟ್ಟದ ಮೇಲೆ ಸುರಿದ ಮಳೆನೀರು ಬಂಡೆಯ ಬಿರುಕುಗಳಲ್ಲಿ ಇಂಗುತ್ತಾ ಬಹಳ ಆಳಕ್ಕೆ ಇಳಿಯುತ್ತದೆ. ಭೂಮಿಯೊಳಗೆ ಒಂದು ಕಿಲೋಮೀಟರ್ ಇಳಿದರೆ ಸಾಮಾನ್ಯವಾಗಿ 25ರಿಂದ 30 ಡಿಗ್ರಿಯಷ್ಟು ಬಿಸಿ ಏರುತ್ತದೆ. ಆಳದಲ್ಲಿ ಕಾದ ನೀರು ಬೇರೊಂದು ಬಿರುಕು ಹಿಡಿದು, ತಣಿಯುವಷ್ಟು ವ್ಯವಧಾನವಿಲ್ಲದೆ, ಬೇಗನೆ ಮೇಲೆ ಬಂದರೆ ಅದೇ ಬಿಸಿನೀರಿನ ಬುಗ್ಗೆ. ಎಲ್ಲ ಕಡೆ ಬಿಸಿ ಒಂದೇ ಅಲ್ಲ. ತುರಳದ ನೀರು 60 ಡಿಗ್ರಿಯ ಆಸುಪಾಸಿನದು, ನೇರವಾಗಿ ಮೈಮೇಲೆ ಸುರಿದುಕೊಂಡರೆ ಬೊಬ್ಬೆ ಏಳುತ್ತದೆ. ಉನ್ಹಾಳೆಯದು 40ರ ಆಸುಪಾಸು. ಸಹಿಸಿಕೊಳ್ಳಬಹುದಾದ, ಹಿತವೆನಿಸುವ ಬಿಸಿ. ತೊಂದರೆ ಇರುವುದೇ ಈ ಹಿತದಲ್ಲಿ.

ಕಳೆದ ಚಳಿಗಾಲದ ಒಂದು ಸಂಜೆ ನಾನು ಅಲ್ಲಿದ್ದೆ. ನಮ್ಮ ಕಡೆಯದೇ ಒಂದು ತಂಡ ಬಂದಿಳಿಯಿತು, ಹುಡುಗರು, ಕಾಲೇಜಿನ ವಯಸ್ಸು. ದಿನವಿಡೀ ನಡೆದಿದ್ದರು, ಕುಡಿಯುವ ನೀರು ಘಟ್ಟದ ಅರ್ಧದಲ್ಲೇ ತೀರಿತ್ತು ಎಂದು ಅವರೇ ಹೇಳಿದರು. ಬೂಟು ಬಿಚ್ಚಿದ್ದೇ ತಡ ನೀರಿಗೆ. ಕುತ್ತಿಗೆಯವರೆಗೆ ಮುಳುಗಿ ಕೂತು, ಹರಟೆ, ನಗು, ಮೊಬೈಲಿನಲ್ಲಿ ಹಾಡು. ಬಹಳ ಹೊತ್ತಾದ ಮೇಲೆ ಅವರಲ್ಲೊಬ್ಬ ಎದ್ದು ಮೆಟ್ಟಿಲೇರಿದ. ಎರಡನೆಯ ಮೆಟ್ಟಿಲಲ್ಲಿ ಅವನ ಮುಖ ಬಿಳಿಚಿತು, ಕೈ ಗೋಡೆಯನ್ನು ಹುಡುಕಿತು, ಗೋಡೆ ಸಿಗುವ ಮೊದಲೇ ಮಂಡಿ ಮಡಚಿತು. ಹಿಂದಿದ್ದವನು ಕಂಕುಳಿಗೆ ಕೈ ಹಾಕಿ ಹಿಡಿಯದಿದ್ದರೆ ತಲೆ ಕಲ್ಲಿಗೆ ಬಡಿಯುತ್ತಿತ್ತು. ಗೆಳೆಯರು ಅವನನ್ನು ಎಬ್ಬಿಸಿ ಕೂರಿಸಲು ನೋಡಿದರು. ಕೊಡ ಹಿಡಿದು ಬಂದಿದ್ದ ಊರಿನ ಹೆಂಗಸೊಬ್ಬರು ಗದರಿ ಬಿಡಿಸಿದರು, ಮಲಗಿಸಿ ಕಾಲು ಮೇಲೆತ್ತಿಸಿದರು, ಮನೆಯಿಂದ ಬೆಲ್ಲ-ನೀರು ತರಿಸಿದರು. ಹುಡುಗ ಸುಧಾರಿಸಿಕೊಂಡ. "ಥ್ಯಾಂಕ್ಸ್ ಮಾವಶಿ (ಚಿಕ್ಕಮ್ಮ)" ಎಂದು ಹುಡುಗರು ಗಾಡಿ ಹತ್ತಿದರು. ಮಾವಶಿಯ ಮುಖ ನೋಡಿದರೆ ಇದು ಅವರಿಗೆ ಹೊಸದಾಗಿರಲಿಲ್ಲ.

ಇದರಲ್ಲಿ ದೇವರ ಕೋಪವೂ ಇಲ್ಲ, ನೀರಿನ ದೋಷವೂ ಇಲ್ಲ. ದಿನವಿಡೀ ನಡೆದ ಮೈಯಲ್ಲಿ ನೀರಿನಂಶ ಕಡಿಮೆಯಾಗಿರುತ್ತದೆ. ಬಿಸಿನೀರಿನಲ್ಲಿ ಕೂತರೆ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ರಕ್ತದೊತ್ತಡ ಇಳಿಯುತ್ತದೆ. ಕೂತಿರುವವರೆಗೆ ಸುತ್ತಲಿನ ನೀರಿನ ಒತ್ತಡ ಮೈಯನ್ನು ಸಂಭಾಳಿಸಿರುತ್ತದೆ. ಥಟ್ಟನೆ ಎದ್ದಾಗ ರಕ್ತ ಕಾಲುಗಳಿಗೆ ಇಳಿದು ತಲೆಗೆ ಸಾಲದಾಗುತ್ತದೆ. ನೀರಿನ ಬಿಸಿ ಮೈಬಿಸಿಗಿಂತ ಹೆಚ್ಚಿರುವುದರಿಂದ ಬೆವರು ಸುರಿಯುತ್ತಲೇ ಇರುತ್ತದೆ, ಒದ್ದೆಯಲ್ಲಿ ಅದು ತಿಳಿಯುವುದಿಲ್ಲ. ಮೇಲೆ ಒಂದಿಷ್ಟು ಮದ್ಯ ಬಿದ್ದಿದ್ದರೆ ಕೇಳುವುದೇ ಬೇಡ. ರಕ್ತದೊತ್ತಡಕ್ಕೆ ಮಾತ್ರೆ ನುಂಗುವವರು, ಹೃದಯದ ತೊಂದರೆಯವರು, ಬಸುರಿಯರು ವೈದ್ಯರನ್ನು ಕೇಳದೆ ಇಳಿಯಲೇಬಾರದು. ಉಳಿದವರಿಗೆ ಈ ಅಪಾಯವನ್ನು ಒಂದು ರಾತ್ರಿಯ ನಿದ್ದೆ, ಎರಡು ತಂಬಿಗೆ ನೀರು, ಒಂದು ಊಟ ಬಹಳಷ್ಟು ಕಡಿಮೆ ಮಾಡುತ್ತವೆ. ಮರುದಿನ ಬೆಳಿಗ್ಗೆ ಇಳಿದು ಹತ್ತು-ಹದಿನೈದು ನಿಮಿಷ ಕೂತು, ಮೆಟ್ಟಿಲ ಮೇಲೆ ತುಸು ಹೊತ್ತು ಕಾಲಷ್ಟೇ ಬಿಟ್ಟು ಕೂತು, ಮೆಲ್ಲಗೆ ಎದ್ದರೆ ಆರೋಗ್ಯವಂತರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಮೈಕೈ ನೋವು ಇಳಿಯುವುದೂ ಆಗಲೇ. ಘಟ್ಟ ಇಳಿದವರ ತೊಡೆಯ ನೋವು ಅದೇ ಸಂಜೆ ಏಳುವುದಿಲ್ಲ, ಮರುದಿನ ಏಳುತ್ತದೆ. ನೋವು ಬರುವ ಮೊದಲೇ ಔಷಧ ಮುಗಿಸಿ ಬರುವುದು ಯಾವ ಜಾಣತನ?

ಈಜಿನ ಬಗ್ಗೆ ಒಂದು ಮಾತು. ಅಲ್ಲಿ ಈಜಬೇಡಿ. ಕುಂಡ ಈಜುಕೊಳವಲ್ಲ, ಅದರ ಅಳತೆಯೇ ಅದಕ್ಕಲ್ಲ. ಬಿಸಿನೀರಿನಲ್ಲಿ ಕೈಕಾಲು ಬಡಿದರೆ ಎದೆಬಡಿತ ಸುಮ್ಮನೆ ಏರುತ್ತದೆ. ಮುಖ್ಯವಾಗಿ ಹಾರಿ ಧುಮುಕುವುದು, ತಲೆ ಮುಳುಗಿಸುವುದು, ಮೂಗಿಗೆ ನೀರು ಎರಚುವುದು ಬೇಡ. ಕೇರಳದಲ್ಲಿ 2024 ಮತ್ತು 2025ರಲ್ಲಿ ಮಿದುಳಿಗೆ ಹತ್ತುವ ಅಮೀಬಾದ ಸೋಂಕು ಸುದ್ದಿಯಾದದ್ದು ನೆನಪಿರಬಹುದು. ಆ ಬಗೆಯ ಅಮೀಬಾಗಳಲ್ಲಿ ಒಂದಾದ ನೆಗ್ಲೇರಿಯಾ ಫೌಲರಿ ಬೆಚ್ಚಗಿನ ಸಿಹಿನೀರನ್ನು ಇಷ್ಟಪಡುತ್ತದೆ, 46 ಡಿಗ್ರಿಯವರೆಗಿನ ಬಿಸಿಯಲ್ಲೂ ಬದುಕುತ್ತದೆ. ಕುಡಿದರೆ ಏನೂ ಮಾಡದು. ಮೂಗಿನ ಮೂಲಕ ಏರಿದರೆ ಮಿದುಳು ಸೇರುತ್ತದೆ. ಬಹಳ ಅಪರೂಪದ ಕಾಯಿಲೆ, ಆದರೆ ಬಂದವರು ಉಳಿಯುವುದು ಅದಕ್ಕಿಂತ ಅಪರೂಪ. ಉನ್ಹಾಳೆಯ ನೀರಿನಲ್ಲಿ ಅದಿದೆ ಎಂದು ನಾನು ಹೇಳುತ್ತಿಲ್ಲ, ಗಾಳಿಸುದ್ದಿ ಹಬ್ಬಿಸಬೇಡಿ. ಮೂಗು ನೀರಿನ ಮೇಲಿರಲಿ ಎನ್ನುತ್ತಿದ್ದೇನೆ, ಅಷ್ಟೇ. ಈಜುವ ಹುಮ್ಮಸ್ಸಿದ್ದವರು ನಮ್ಮೂರ ಬಾವಿಗಳಲ್ಲಿ ಈಜಿ, ನೀರಿದ್ದರೆ.

ನೀರಿದ್ದರೆ ಎಂದೆ. ಇದನ್ನು ಹೇಳದೆ ಮುಂದೆ ಹೋಗಲಾರೆ. ನಾವು ಜತ್ತದವರು. ಮ್ಹೈಸಾಳದಿಂದ ಕೃಷ್ಣೆಯ ನೀರನ್ನು ಪಂಪಿನಿಂದ ಎತ್ತಿ ಎತ್ತಿ ನಮ್ಮ ತಾಲ್ಲೂಕಿಗೆ ತರಬೇಕು, ಆದರೂ ಪೂರ್ವದ ಹಳ್ಳಿಗಳಲ್ಲಿ ಆ ನೀರಿನ ದಾರಿ ಕಾಯುತ್ತಾ ಒಂದು ತಲೆಮಾರು ಮುದಿಯಾಯಿತು. ಟ್ಯಾಂಕರ್ ಬಂದಾಗ ಕೊಡಕ್ಕಾಗಿ ಓಡಿದ ಮಕ್ಕಳನ್ನು ನಾನು ಶಾಲೆಯಲ್ಲಿ ಕಲಿಸಿದ್ದೇನೆ. ಬೇಸಿಗೆಯಲ್ಲಿ ಹಾಜರಿ ಪುಸ್ತಕ ನೋಡಿದರೆ ಟ್ಯಾಂಕರ್ ಯಾವ ದಿನ ಬಂತೆಂದು ಹೇಳಬಹುದಿತ್ತು. ಅಂಥ ಮನೆಗಳಲ್ಲಿ ಬೆಳೆದವರೇ ಈಗ ಉನ್ಹಾಳೆಯ ಕುಂಡದ ಅಂಚಿನಲ್ಲಿ ಶಾಂಪೂವಿನ ಪೊಟ್ಟಣ ಹರಿಯುತ್ತಾರೆ. ಹರಿದ ಪೊಟ್ಟಣಗಳು ಮೂಲೆಯಲ್ಲಿ, ನೊರೆ ನೀರಿನಲ್ಲಿ. ಬೆವರು, ಘಟ್ಟದ ಧೂಳು, ಕಾಲಿನ ಗಾಯ, ನೋವಿಗೆ ಹಚ್ಚಿದ ಮುಲಾಮು ಎಲ್ಲವೂ ಅದೇ ನೀರಿಗೆ. ಯಾಕೆಂದರೆ ಸಂಜೆ ಬಂದವರಿಗೆ ಮೊದಲು ಬೇರೆಡೆ ಮೈ ತೊಳೆದುಕೊಳ್ಳುವ ಪುರುಸೊತ್ತಿಲ್ಲ. ರಾತ್ರಿ ಎಲ್ಲಾದರೂ ತಂಗಿದವರು ಅಲ್ಲಿಯ ಬಚ್ಚಲಲ್ಲೇ ಸಾಬೂನು ಹಚ್ಚಿ ಕೊಳೆ ತೆಗೆದು, ಬೆಳಿಗ್ಗೆ ಶುಚಿಯಾದ ಮೈಯಲ್ಲಿ ಕುಂಡಕ್ಕೆ ಇಳಿಯಬಹುದು. ನನ್ನ ಬೇಡಿಕೆಯ ಹಿಂದೆ ಮೈಯ ಕ್ಷೇಮ ಎಷ್ಟಿದೆಯೋ ಅಷ್ಟೇ ಈ ಲೆಕ್ಕಾಚಾರವೂ ಇದೆ.

ಆ ಕುಂಡ ಊರಿನವರದು, ಅದಕ್ಕೂ ಮಿಗಿಲಾಗಿ ಯಾತ್ರಿಕರದು. ಪಕ್ಕದಲ್ಲೇ ಮಹಾಲಕ್ಷ್ಮಿಯ ಗುಡಿ. ಅದೇ ಊರಿನ ಗುಡ್ಡದ ಮೇಲೆ ರಾಜಾಪುರದ ಗಂಗೆ, ಹದಿನಾಲ್ಕು ಕುಂಡಗಳ ಗುಂಪು. ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ಎಂದು ಹೇಳುತ್ತಾರೆ, ಒಣಗಿದ್ದ ಆ ಕುಂಡಗಳಲ್ಲಿ ಇದ್ದಕ್ಕಿದ್ದಂತೆ ನೀರು ಉಕ್ಕಿ ಕೆಲವು ತಿಂಗಳಿದ್ದು ಮತ್ತೆ ಬತ್ತುತ್ತದೆ. ಲೆಕ್ಕ ತಪ್ಪುವುದೂ ಉಂಟು. ಗಂಗೆ ಬಂದ ಸುದ್ದಿ ಹಬ್ಬಿದರೆ ಕೊಲ್ಹಾಪುರ, ಬೆಳಗಾವಿ, ಸಾಂಗ್ಲಿ ಕಡೆಯಿಂದೆಲ್ಲ ಜನ ಹರಿದು ಬರುತ್ತಾರೆ. ಮೊದಲು ಬಿಸಿನೀರಿನ ಸ್ನಾನ, ಆಮೇಲೆ ಗಂಗೆಯ ಸ್ನಾನ, ಕೊನೆಗೆ ಧೂತಪಾಪೇಶ್ವರನ ದರ್ಶನ ಎಂಬುದು ಹಿರಿಯರ ಕ್ರಮ. ನಂಬಿಕೆ ಇಲ್ಲದವರು ನಂಬಬೇಕಿಲ್ಲ. ಆದರೆ ಸೊಂಟದ ನೋವಿಗೆಂದು ದೂರದಿಂದ ಬಂದ ಅಜ್ಜಿಯೊಬ್ಬರು ಮೆಟ್ಟಿಲ ಬಳಿ ಸೀರೆಯ ಗಂಟು ಹಿಡಿದು ನಿಂತು, ಹಾಡು ಹಾಕಿಕೊಂಡ ಇಪ್ಪತ್ತು ಗಂಡಸರು ಯಾವಾಗ ಏಳುತ್ತಾರೋ ಎಂದು ಕಾಯುವಂತೆ ಮಾಡುವುದು ಯಾವ ಸಂಸ್ಕೃತಿ? ಅವರು ಏನೂ ಅನ್ನುವುದಿಲ್ಲ. ನಾವು ಕನ್ನಡದಲ್ಲಿ ಮಾತಾಡುವುದು ಕೇಳಿಸಿದರೆ ಮಾತ್ರ "ಕರ್ನಾಟಕದವರು" ಎಂದುಕೊಳ್ಳುತ್ತಾರೆ. ನಾವು ಅವರದೇ ರಾಜ್ಯದವರು ಎಂದು ತಿದ್ದುವ ಮನಸ್ಸು ನನಗೆ ಅಂಥ ಹೊತ್ತಿನಲ್ಲಿ ಬರುವುದಿಲ್ಲ, ಕನ್ನಡದ ಮಾನ ಹೇಗೂ ಹೋಗಿರುತ್ತದೆ.

ನಿಮ್ಮ ಆಕ್ಷೇಪಣೆಗಳು ನನಗೆ ಗೊತ್ತು. ಸೋಮವಾರ ಕೆಲಸಕ್ಕೆ ಹೋಗಬೇಕು, ಎರಡು ದಿನ ಸಿಗುವುದಿಲ್ಲ ಎನ್ನುತ್ತೀರಿ. ಸರಿ, ಶನಿವಾರ ನಡೆಯಿರಿ, ಭಾನುವಾರ ಬೆಳಿಗ್ಗೆ ಕುಂಡ, ಮಧ್ಯಾಹ್ನದ ಊಟದ ಹೊತ್ತಿಗೆ ಕೊಲ್ಹಾಪುರದ ದಾರಿಯಲ್ಲಿರುತ್ತೀರಿ. ಶನಿವಾರವೂ ರಜೆಯಿಲ್ಲದವರು ಬರೀ ಘಟ್ಟ ನಡೆದು ಹಿಂದಿರುಗಿ. ಬಿಸಿನೀರು ಇನ್ನೊಮ್ಮೆಗೆ ಇರಲಿ, ಅದೇನು ಓಡಿಹೋಗುವುದಿಲ್ಲ. ರಾತ್ರಿ ಉಳಿದರೆ ಖರ್ಚು ಏರುತ್ತದೆ, ಜನ ಬರುವುದಿಲ್ಲ ಎಂದು ತಂಡ ಕಟ್ಟುವವರು ಹೇಳುತ್ತಾರೆ. ಏರುತ್ತದೆ, ನಿಜ. ಆದರೆ ಈಗಿನ ಕಾರ್ಯಕ್ರಮದಲ್ಲಿ ದಿನವಿಡೀ ಓಡಿಸಿದ ಚಾಲಕನೇ ರಾತ್ರಿಯಿಡೀ ಘಟ್ಟ ಹತ್ತಿ ಜತ್ತದವರೆಗೆ ಗಾಡಿ ತರುತ್ತಾನೆ. ಹಿಂದಿನ ಸೀಟುಗಳಲ್ಲಿ ಎಲ್ಲರೂ ಬಿಸಿನೀರಿನ ಮತ್ತಿನಲ್ಲಿ ಗೊರಕೆ ಹೊಡೆಯುವಾಗ ಅವನೊಬ್ಬ ಎಚ್ಚರವಿರಬೇಕು. ಅವನ ಕಣ್ಣಿನ ನಿದ್ದೆಗೆ ನಿಮ್ಮ ಲೆಕ್ಕದಲ್ಲಿ ಬೆಲೆ ಕಟ್ಟಿದ್ದೀರಾ? ರಾಜಾಪುರದಲ್ಲಿ ಉಳಿದರೆ ಆ ಹಣ ಅಲ್ಲಿಯ ಖಾನಾವಳಿಗೆ, ಲಾಡ್ಜಿಗೆ, ರಿಕ್ಷಾದವರಿಗೆ ಹೋಗುತ್ತದೆ. ಈಗ ಅವರಿಗೆ ನಮ್ಮಿಂದ ಸಿಗುವುದು ಪೊಟ್ಟಣಗಳ ಕಸ ಮಾತ್ರ.

ಇನ್ನೂ ಒಂದು ವಾದ ಕೇಳಿದ್ದೇನೆ: ನಡೆದು ದಣಿದ ಮೈಗೆ ಬಿಸಿನೀರು ಬೀಳುವ ಆ ಸುಖವೇ ಬೇರೆ, ಬೆಳಿಗ್ಗೆ ಅದು ಸಿಗುವುದಿಲ್ಲ ಎಂದು. ಹೀಗೆನ್ನುವವರು ಕೊಂಕಣದ ಜನವರಿಯ ಬೆಳಗನ್ನು ಕಂಡಿಲ್ಲ. ಸಂಜೆ ಅಲ್ಲಿ ಸೆಖೆ, ಗಾಳಿಗೂ ನೀರಿಗೂ ಅಂಥ ವ್ಯತ್ಯಾಸ ತಿಳಿಯುವುದಿಲ್ಲ, ಹಬೆಯೂ ಕಾಣುವುದಿಲ್ಲ. ಬೆಳಿಗ್ಗೆ ನದಿಯ ಕಡೆಯಿಂದ ಮಂಜು ಬಂದಿರುತ್ತದೆ, ಕಲ್ಲು ಅಂಗಾಲಿಗೆ ಕೊರೆಯುತ್ತದೆ, ಬಟ್ಟೆ ಕಳಚಲು ಮನಸ್ಸು ಹಿಂಜರಿಯುತ್ತದೆ. ಆಗ ನೀರಿಗೆ ಕಾಲಿಟ್ಟು ನೋಡಿ. ನಿಮ್ಮ ಪ್ರಕಟಣೆಯಲ್ಲಿ ಹಿಮಾಲಯದ ಚಿತ್ರ ಹಾಕುವ ಪ್ರಸಂಗವೂ ಬರುವುದಿಲ್ಲ, ನಿಮ್ಮದೇ ಹಬೆಯ ಚಿತ್ರ ಸಿಗುತ್ತದೆ. ತೆಗೆಯುವಾಗ ಸ್ನಾನ ಮಾಡುತ್ತಿರುವ ಬೇರೆಯವರು ಅದರಲ್ಲಿ ಬೀಳದಂತೆ ನೋಡಿಕೊಳ್ಳಿ. ಹೆಂಗಸರು ಇರುವ ಕಡೆಗೆ ಮೊಬೈಲನ್ನು ಒಯ್ಯಲೇಬೇಡಿ. ಇದನ್ನು ಬರೆದು ಹೇಳಬೇಕಾಗಿ ಬಂದದ್ದಕ್ಕೆ ನಾಚಿಕೆಯಾಗುತ್ತದೆ.

ಈ ಸಲ ಸಂಕ್ರಾಂತಿಯ ಸುತ್ತಮುತ್ತ ಹೊರಡುವ ತಂಡಗಳು ಈಗಾಗಲೇ ಹೆಸರು ಬರೆಸಿಕೊಳ್ಳುತ್ತಿವೆ ಎಂದು ಕೇಳಿದೆ. ಅವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೂ ಇದ್ದಾರೆ, ಆದ್ದರಿಂದ ಸಲಿಗೆಯಿಂದ ಹೇಳುತ್ತೇನೆ. ಪ್ರಕಟಣೆಯನ್ನು ತಿದ್ದಿ ಮತ್ತೆ ಹಾಕಿ. ತಂಗುವ ಖರ್ಚನ್ನು ಮುಚ್ಚಿಡದೆ ಸೇರಿಸಿ ಹೇಳಿ. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಎರಡು ಹೊತ್ತಿಗೆ ಆಗುವಷ್ಟು ಕಟ್ಟಿಸಿ. ಒಬ್ಬೊಬ್ಬರ ಹತ್ತಿರ ಮೂರು ಲೀಟರಾದರೂ ಕುಡಿಯುವ ನೀರು ಇದೆಯೇ ಎಂದು ಘಟ್ಟದ ತಲೆಯ ಮೇಲೆಯೇ ಬಾಟಲಿ ತೆಗೆಸಿ ನೋಡಿ, ಇಲ್ಲದವರನ್ನು ಇಳಿಸಬೇಡಿ. ಮರುದಿನ ಕುಂಡಕ್ಕೆ ಐದೈದು ಜನರಂತೆ ಹೋಗಿ, ಯಾತ್ರಿಕರಿದ್ದರೆ ಅವರದು ಮುಗಿಯಲಿ. ಸಾಬೂನು, ಶಾಂಪೂ ಗಾಡಿಯಲ್ಲೇ ಇರಲಿ. ಬರುವಾಗ ಮೂಲೆಯಲ್ಲಿ ಬಿದ್ದಿರುವ ಪೊಟ್ಟಣಗಳನ್ನು, ಯಾರೇ ಎಸೆದಿರಲಿ, ಒಂದು ಚೀಲಕ್ಕೆ ತುಂಬಿ ತನ್ನಿ. ಹೀಗೆ ತಿದ್ದಿದ ಪಟ್ಟಿಯನ್ನು ಮೊದಲು ಹಾಕುವ ತಂಡದಲ್ಲಿ ನನ್ನ ಹೆಸರನ್ನೂ ಬರೆದುಕೊಳ್ಳಿ. ಮುಂಗಡ ಹಣ ಎಷ್ಟೆಂದು ತಿಳಿಸಿದರೆ ಅಂದೇ ಕಳಿಸುತ್ತೇನೆ.

ಇತಿ,
ಜತ್ತ ತಾಲ್ಲೂಕಿನ ಕನ್ನಡ ಶಾಲೆಯೊಂದರ ನಿವೃತ್ತ ಶಿಕ್ಷಕ